ಮಾತು ಬಾರದ ಗಂಡಸು ಅಪ್ಪನಾಗುವಾಗ: ‘ದಿ ರೋಸಿ ಎಫೆಕ್ಟ್’ ಓದಿದವರು ಬನ್ನಿ, ಮಾತಾಡೋಣ

ತುಮಕೂರು ರೈಲು ಓದುಗ

ಗ್ರೇಮ್ ಸಿಮ್ಸಿಯನ್ ಅವರ ‘ದಿ ರೋಸಿ ಎಫೆಕ್ಟ್’ ಕಾದಂಬರಿ ಬಂದಿದ್ದು 2014ರಲ್ಲಿ. ತುಮಕೂರಿಂದ ಬೆಂಗಳೂರಿಗೆ ದಿನಾ ಓಡಾಡುವ ನಮ್ಮ ರೈಲಿನ ಗೆಳೆಯರಲ್ಲಿ ಅದು ಈಗ ಕೈಯಿಂದ ಕೈಗೆ ಹೋಗುತ್ತಿದೆ. ಓದಿದವರೆಲ್ಲ ನಕ್ಕಿದ್ದಾರೆ. ನಕ್ಕ ಮೇಲೆ ಮಾತ್ರ ಒಬ್ಬೊಬ್ಬರು ಒಂದೊಂದು ಹೇಳುತ್ತಿದ್ದಾರೆ. ಅದಕ್ಕೇ ಇಲ್ಲಿ ಬರೆಯುತ್ತಿದ್ದೇನೆ.

ಓದದವರಿಗೆ ಕಥೆ ಇಷ್ಟು. ಡಾನ್ ಟಿಲ್ಮನ್ ಅಂತ ಒಬ್ಬ ತಳಿವಿಜ್ಞಾನದ ಪ್ರೊಫೆಸರ್. ಆಸ್ಟ್ರೇಲಿಯಾದವನು. ಹೆಂಡತಿ ರೋಸಿಯ ಜೊತೆ ನ್ಯೂಯಾರ್ಕಿಗೆ ಬಂದಿದ್ದಾನೆ. ಬುದ್ಧಿವಂತ, ಸುಳ್ಳು ಗೊತ್ತಿಲ್ಲದವನು. ಆದರೆ ಎದುರಿಗಿರುವವರ ಮುಖ ನೋಡಿ ಮನಸ್ಸು ತಿಳಿದುಕೊಳ್ಳುವುದು ಅವನಿಗೆ ಬರುವುದಿಲ್ಲ. ಎಲ್ಲವೂ ಮೊದಲೇ ಹಾಕಿಕೊಂಡ ಲೆಕ್ಕದಂತೆ ನಡೆಯಬೇಕು. ಅಂಥವನಿಗೆ ಒಂದು ದಿನ ರೋಸಿ ತಾನು ಬಸುರಿ ಅಂತ ಹೇಳುತ್ತಾಳೆ.

ಅವನು ಹೆದರುತ್ತಾನೆ. ಹೆದರಿ ತನಗೆ ಬರುವ ಕೆಲಸಕ್ಕೇ ಕೈಹಾಕುತ್ತಾನೆ. ಬಸುರಿ ಏನು ತಿನ್ನಬೇಕು, ಏನು ತಿನ್ನಬಾರದು ಅಂತ ಓದಿ ಹೆಂಡತಿಯ ತಟ್ಟೆಗೆ ಕಾನೂನು ಮಾಡುತ್ತಾನೆ. ಹೊಟ್ಟೆಯಲ್ಲಿರುವ ಮಗು ವಾರವಾರ ಎಷ್ಟು ಬೆಳೆಯಿತು ಅಂತ ಬಚ್ಚಲುಮನೆಯ ಟೈಲ್ಸ್ ಮೇಲೆ ಚಿತ್ರ ಬರೆಯುತ್ತಾನೆ. ಮಕ್ಕಳನ್ನು ಸ್ವಲ್ಪ ನೋಡಿ ಕಲಿ ಅಂತ ಗೆಳೆಯ ಹೇಳಿದ್ದಕ್ಕೆ ಮಕ್ಕಳ ಆಟದ ಮೈದಾನಕ್ಕೆ ಹೋಗಿ ವಿಡಿಯೋ ಮಾಡುತ್ತಾನೆ. ಪೊಲೀಸರು ಹಿಡಿಯುತ್ತಾರೆ. ಅಲ್ಲಿಂದ ಒಬ್ಬ ಸಮಾಜ ಕಾರ್ಯಕರ್ತೆಯ ಮುಂದೆ ಕೂತು, ತಾನು ಅಪ್ಪನಾಗಲು ಲಾಯಕ್ಕು ಅಂತ ಒಪ್ಪಿಸಬೇಕಾಗುತ್ತದೆ. ಇದ್ಯಾವುದನ್ನೂ ಅವನು ರೋಸಿಗೆ ಹೇಳುವುದಿಲ್ಲ. ಬಸುರಿ, ಗಾಬರಿಯಾದಾಳು ಅಂತ. ಕೊನೆಗೆ ಗೆಳೆಯನ ಹೆಂಡತಿಯನ್ನೇ ‘ಇವಳೇ ರೋಸಿ’ ಅಂತ ಆ ಕಾರ್ಯಕರ್ತೆಯ ಮುಂದೆ ಕೂರಿಸುವವರೆಗೆ ಹೋಗುತ್ತದೆ ಕಥೆ.

ಡಾನ್‌ಗೆ ಪ್ರೀತಿ ಕಡಿಮೆ ಇಲ್ಲ. ಅವನ ಸಂಸಾರ ಅಲ್ಲಾಡಿದ್ದು ಅವನು ಬೇರೆ ಥರದ ಮನುಷ್ಯ ಅನ್ನುವುದರಿಂದಲೂ ಅಲ್ಲ. ಮುಚ್ಚಿಟ್ಟಿದ್ದರಿಂದ. ಅವನು ಹಗಲು ರಾತ್ರಿ ಮಗುವಿಗಾಗಿಯೇ ಓಡಾಡುತ್ತಿದ್ದಾನೆ, ರೋಸಿಗೆ ಮಾತ್ರ ಗಂಡ ದೂರ ಹೋಗುತ್ತಿರುವಂತೆ ಕಾಣುತ್ತದೆ. ಈ ಒಂದು ಅಂತರವನ್ನು ಲೇಖಕರು ಎಷ್ಟು ಚೆನ್ನಾಗಿ ಹಿಡಿದಿದ್ದಾರೆ ಅಂದರೆ, ನಗುತ್ತಾ ಓದಿದರೂ ಎದೆ ಹಿಂಡುತ್ತದೆ.

ಈಗ ನನ್ನ ಪ್ರಶ್ನೆ. ಇದೇ ಡಾನ್ ನಮ್ಮ ಎಸ್.ಎಸ್. ಪುರಂನಲ್ಲಿ ಇದ್ದಿದ್ದರೆ ಏನಾಗುತ್ತಿತ್ತು? ಸೀಮಂತ ಮುಗಿದ ಮೇಲೆ ರೋಸಿ ತವರಿಗೆ ಹೋಗುತ್ತಿದ್ದಳು. ಇವನನ್ನು ಯಾರೂ ಏನೂ ಕೇಳುತ್ತಿರಲಿಲ್ಲ. ಹೆರಿಗೆಯಾಯಿತು ಅಂತ ಫೋನ್ ಬರುತ್ತಿತ್ತು. ಹೋಗಿ ಮಗು ನೋಡಿ, ಕೈಗೆ ದುಡ್ಡು ಇಟ್ಟು, ಆಫೀಸಿನಲ್ಲಿ ಸಿಹಿ ಹಂಚಿದರೆ ಅವನ ಕೆಲಸ ಮುಗಿಯಿತು. ಮೂರೋ ಐದೋ ತಿಂಗಳಾಗಿ ತಾಯಿ ಮಗು ಮನೆಗೆ ಬಂದಾಗ, ಮಗು ಇವನ ಮುಖ ನೋಡಿ ಅಳುತ್ತಿತ್ತು. ನ್ಯೂಯಾರ್ಕಿನಲ್ಲಿ ಡಾನ್ ಕಷ್ಟಪಟ್ಟು ಬಚ್ಚಿಟ್ಟುಕೊಳ್ಳಬೇಕಾಯಿತು. ನಮ್ಮಲ್ಲಿ ಮನೆಯವರೇ ಅವನನ್ನು ಬಚ್ಚಿಡುತ್ತಾರೆ. ಮಾತು ಬಾರದ ಗಂಡಸಿಗೆ ಆಗ ಇದು ಹಾಯಾಗಿರುತ್ತದೆ. ಆದರೆ ಅವನಿಗೂ ಮಗುವಿಗೂ ಇದು ನಷ್ಟ ಅಂತ ನನಗೆ ಬಲವಾಗಿ ಅನಿಸುತ್ತದೆ. ನೀವೇನಂತೀರಿ?

ತಿಪಟೂರಿನ ಸೊಸೆ

ಪುಸ್ತಕ ಓದಿದ್ದೇನೆ. ನಕ್ಕಿದ್ದೇನೆ. ಆದರೆ ಒಂದು ದೂರು ಇದೆ ಸರ್. ರೋಸಿ ಎಲ್ಲಿದ್ದಾಳೆ ಇದರಲ್ಲಿ? ಕಥೆ ಹೇಳುವವನು ಡಾನ್. ಅವನ ತಲೆಯೊಳಗೆ ಏನು ನಡೆಯುತ್ತಿದೆ ಅಂತ ನಮಗೆ ಗೊತ್ತು, ಅದಕ್ಕೇ ಅವನನ್ನು ಕ್ಷಮಿಸಿಬಿಡುತ್ತೇವೆ. ರೋಸಿಗೆ ಆ ಸೌಲಭ್ಯ ಇಲ್ಲ ಅಲ್ವಾ? ಹೊಟ್ಟೆ ಹೊತ್ತು, ಓದು ಮುಗಿಸಬೇಕಾದ ಒತ್ತಡದಲ್ಲಿ ಇರುವವಳ ಎದುರು ಗಂಡ ಪೌಷ್ಟಿಕಾಂಶದ ಪಟ್ಟಿ ಹಿಡಿದು ನಿಂತರೆ ಅವಳಿಗೆ ಏನನಿಸಬೇಕು? ಮೊದಲ ಪುಸ್ತಕ ‘ದಿ ರೋಸಿ ಪ್ರಾಜೆಕ್ಟ್’ನಲ್ಲಿ ಅವಳು ಎಷ್ಟು ಜೀವಂತವಾಗಿದ್ದಳು. ಇದರಲ್ಲಿ ಸಿಡುಕುವುದೇ ಜಾಸ್ತಿ.

ನಮ್ಮ ಮನೆಯವರದ್ದು ಕೊಬ್ಬರಿ ಮಂಡಿಯ ಕೆಲಸ. ಹರಾಜಿನಲ್ಲಿ ದನಿ ಎತ್ತಿ ಮಾತಾಡುತ್ತಾರೆ, ಮನೆಗೆ ಬಂದರೆ ಮೌನ. ನಾನು ತವರಿನಲ್ಲಿದ್ದಾಗ ಭಾನುವಾರ ಬರುತ್ತಿದ್ದರು. ಜಗಲಿ ಮೇಲೆ ಪೇಪರ್ ಹಿಡಿದು ಕೂರುವುದು, ಊಟ ಮಾಡುವುದು, ಹೊರಡುವುದು. ‘ಹೇಗಿದ್ದೀಯಾ’ ಅನ್ನುವುದನ್ನು ನಮ್ಮಮ್ಮನ ಹತ್ತಿರ ಕೇಳುತ್ತಿದ್ದರು. ಇವರಿಗೆ ಈ ಮಗು ಬೇಕೋ ಬೇಡವೋ ಅಂತ ರಾತ್ರಿಯೆಲ್ಲ ಯೋಚನೆ ಮಾಡಿ ಅತ್ತಿದ್ದೇನೆ.

ಮಗಳು ಹುಟ್ಟಿ ಎಷ್ಟೋ ಕಾಲವಾದ ಮೇಲೆ ನನ್ನ ತಮ್ಮ ಒಂದು ವಿಷಯ ಹೇಳಿದ. ತೊಟ್ಟಿಲು ಶಾಸ್ತ್ರಕ್ಕೆ ಮೊದಲು ಇವರು ಒಬ್ಬರೇ ಒಳಗೆ ಹೋಗಿ, ತೊಟ್ಟಿಲು ಕಟ್ಟುವ ತೊಲೆಯ ಕೊಂಡಿಗೆ ಹಗ್ಗ ಹಾಕಿ, ತಾವೇ ಅದಕ್ಕೆ ಜೋತುಬಿದ್ದು ನೋಡಿದ್ದರಂತೆ. ಎಪ್ಪತ್ತು ಕಿಲೋ ತಡೆದರೆ ಮಗುವನ್ನು ತಡೆಯುತ್ತದೆ ಅಂತ. ಆಮೇಲೂ ಸಮಾಧಾನವಾಗದೆ ಪೇಟೆಗೆ ಹೋಗಿ ಹೊಸ ಕೊಂಡಿ ತಂದು ಹಾಕಿಸಿದರಂತೆ. ತಮ್ಮ ಹೇಳುವಾಗ ನನಗೆ ಸಂತೋಷವೂ ಆಯಿತು, ಸಿಟ್ಟೂ ಬಂತು. ನನಗೆ ಅವತ್ತೇ ಒಂದು ಮಾತು ಹೇಳಬಾರದಿತ್ತಾ?

ಗುಬ್ಬಿ ಮೇಷ್ಟ್ರು

ನಮ್ಮೂರು ಗುಬ್ಬಿ. ವೀರಣ್ಣನವರು ಹಾಸ್ಯಪಾತ್ರಗಳಿಂದ ಮನೆಮಾತಾದವರು. ಹಾಗಾಗಿ ನಗೆಯ ವಿಷಯ ಬಂದರೆ ನಮಗೆ ಸುಮ್ನೆ ಇರಲು ಆಗುವುದಿಲ್ಲ.

ಈ ಕಾದಂಬರಿಯಲ್ಲಿ ನಗು ಹುಟ್ಟುವುದು ಎಲ್ಲಿ ಅಂತ ನೋಡಿ. ಡಾನ್ ಯಾವತ್ತೂ ನಗಿಸಲು ಹೊರಡುವುದಿಲ್ಲ. ತನಗೆ ಸರಿ ಅನಿಸಿದ್ದನ್ನು ಪೂರ್ತಿ ಶ್ರದ್ಧೆಯಿಂದ ಮಾಡುತ್ತಾನೆ. ಲೋಕ ಅದನ್ನು ಬೇರೆ ಥರ ಓದುತ್ತದೆ. ಮೈದಾನದ ಪ್ರಸಂಗವನ್ನೇ ತೆಗೆದುಕೊಳ್ಳಿ. ಅವನ ಕಡೆಯಿಂದ ಅದು ಅಧ್ಯಯನ. ಪೊಲೀಸರ ಕಡೆಯಿಂದ, ಮಕ್ಕಳ ವಿಡಿಯೋ ಮಾಡುತ್ತಿರುವ ಒಬ್ಬಂಟಿ ಗಂಡಸು. ಎರಡೂ ಕಡೆ ನ್ಯಾಯ ಇದೆ. ಯಾರೂ ಕೆಟ್ಟವರಲ್ಲದೆ ಹಾಸ್ಯ ಕಟ್ಟುವುದು ಬಹಳ ಕಷ್ಟದ ಕೆಲಸ.

ಕನ್ನಡದಲ್ಲಿ ಸಂಸಾರದ ಹಾಸ್ಯಕ್ಕೆ ಕೊರತೆ ಇಲ್ಲ. ಡಾ. ಎಂ. ಶಿವರಾಂ, ಅಂದರೆ ನಮ್ಮ ರಾಶಿಯವರು, 1942ರಲ್ಲಿ ‘ಕೊರವಂಜಿ’ ಹಾಸ್ಯ ಪತ್ರಿಕೆ ಶುರು ಮಾಡಿದರು. ಸ್ವತಃ ವೈದ್ಯರು. ಅಲ್ಲಿ ಬರೆದ ಟಿ. ಸುನಂದಮ್ಮನವರು ಗಂಡ ಹೆಂಡತಿಯ ಜಗಳ, ನೆಂಟರ ಕಾಟ ಎಲ್ಲವನ್ನೂ ಹೆಣ್ಣಿನ ಕಡೆಯಿಂದ ನೋಡಿ ನಗಿಸಿದರು. ಆದರೆ ಬಸುರಿಯ ಗಂಡನ ಭಯ? ನಾನು ಓದಿದ ಮಟ್ಟಿಗೆ ಅದನ್ನೇ ಮುಖ್ಯ ಮಾಡಿಕೊಂಡ ಕನ್ನಡ ಕಾದಂಬರಿ ಕಂಡಿಲ್ಲ. ಯಾಕಿರಬಹುದು? ಮೇಲೆ ಹೇಳಿದಂತೆ ಅವನು ಆ ಹೊತ್ತಿಗೆ ಮನೆಯಲ್ಲಿ ಇರುವುದೇ ಇಲ್ಲ. ಇಲ್ಲದವನ ಕಥೆ ಬರೆಯುವುದು ಹೇಗೆ?

ಮಧುಗಿರಿ ಹಿರಿಯ

ರೈಲಿನವರ ಮಾತು ನನಗೆ ಪೂರ್ತಿ ಒಪ್ಪಿಗೆ ಇಲ್ಲ. ತವರುಮನೆಯನ್ನು ಗಂಡ ಬಚ್ಚಿಟ್ಟುಕೊಳ್ಳುವ ಜಾಗ ಅಂತ ಹೇಳಿಬಿಟ್ಟಿರಿ. ಅದು ಹೆಣ್ಣುಮಗಳು ಮೈ ಚೆಲ್ಲಿ ಮಲಗುವ ಜಾಗ. ನಮ್ಮ ಕಾಲದಲ್ಲಿ ಅತ್ತೆಮನೆಯಲ್ಲೇ ಇದ್ದಿದ್ದರೆ ತುಂಬಿದ ಬಸುರಿಯೂ ನೀರು ಹೊರಬೇಕಿತ್ತು, ಮುದ್ದೆ ತಿರುವಬೇಕಿತ್ತು. ತವರಿನಲ್ಲಿ ಅಮ್ಮ ಎಣ್ಣೆ ಹಚ್ಚಿ ಬಿಸಿನೀರು ಹುಯ್ಯುತ್ತಾಳೆ. ಬಾಣಂತನ ಅಂದರೆ ಸುಮ್ನೆ ಅಲ್ಲ.

ಆದರೆ ಒಂದು ಮಾತು ಒಪ್ಪುತ್ತೇನೆ. ನಮ್ಮ ಕಡೆ ಹಸು ಕರು ಹಾಕುವಾಗ ರಾತ್ರಿಯೆಲ್ಲ ಲಾಟೀನು ಹಿಡಿದು ಕೊಟ್ಟಿಗೆಯಲ್ಲಿ ಕೂತವರು ಗಂಡಸರೇ. ಕರುವಿನ ಕಾಲು ಹಿಡಿದು ಎಳೆದವರು, ಮೂಗಿನ ಲೋಳೆ ಒರೆಸಿದವರು, ಒಣಹುಲ್ಲಿನಲ್ಲಿ ಮೈ ಉಜ್ಜಿದವರು. ಅದೇ ಗಂಡಸರು ಹೆಂಡತಿ ನೋವು ತಿನ್ನುವಾಗ ಬೀದಿಯಲ್ಲಿ ಬೀಡಿ ಸೇದುತ್ತಾ ನಿಂತಿದ್ದರು. ಪುರುಡು ಕಳೆಯುವವರೆಗೆ ಮಗುವನ್ನು ಮುಟ್ಟಿಸುತ್ತಿರಲಿಲ್ಲ. ಕೈ ಬರುವುದಿಲ್ಲ ಅಂತಲ್ಲ. ಬಾ ಅಂತ ಯಾರೂ ಕರೆಯಲಿಲ್ಲ.

ತುಮಕೂರು ರೈಲು ಓದುಗ

ಹಿರಿಯರೇ, ಕೊಟ್ಟಿಗೆಯ ಮಾತು ಓದಿ ತುಂಬಾ ಹೊತ್ತು ಅದನ್ನೇ ಯೋಚಿಸಿದೆ. ತವರು ಬೇಡ ಅಂತ ನಾನು ಹೇಳುತ್ತಿಲ್ಲ. ಹೆಂಡತಿ ತವರಿನಲ್ಲಿ ಇರಲಿ, ಗಂಡನೂ ಅಲ್ಲಿ ನೆಂಟನಂತೆ ಕೂರದೆ ಕೆಲಸಕ್ಕೆ ನಿಲ್ಲಲಿ ಅಂತ. ಅಳಿಯ ಬಂದ ಅಂತ ಒಬ್ಬಟ್ಟು ಮಾಡುವುದರ ಬದಲು, ಅಳಿಯನ ಕೈಗೆ ಮಗು ಕೊಡಿ.

ಸಿರಾ ಕಡೆಯ ಆಶಾ ಕಾರ್ಯಕರ್ತೆ

ಕಾದಂಬರಿ ಓದಿಲ್ಲ, ಬಿಡುವು ಸಿಗುವುದಿಲ್ಲ. ಆದರೆ ಡಾನ್ ಥರದವರನ್ನು ದಿನಾ ನೋಡುತ್ತೇನೆ. ತಪಾಸಣೆ ದಿನ ಹೆಂಡತಿಯನ್ನು ಬೈಕಿನಲ್ಲಿ ಕರೆದುಕೊಂಡು ಬಂದು, ಆಸ್ಪತ್ರೆ ಮುಂದಿನ ಮರದ ಕೆಳಗೆ ನಿಲ್ಲುತ್ತಾರೆ. ಒಳಗೆ ಬನ್ನಿ ಅಂದರೆ ‘ಪರವಾಗಿಲ್ಲ ಅಕ್ಕ, ನೀವೇ ಹೇಳಿ’ ಅಂತಾರೆ. ನಾಚಿಕೆ. ಒರಟರು ಅಂತ ತಿಳಿಯಬೇಡಿ, ಬಹಳ ಜನ ಮೃದು.

ನೀವು ಹೇಳಿದ ಲೆಕ್ಕ ಇಡುವ ಗಂಡ ನಮಗೆ ಸಿಕ್ಕರೆ ಬಂಗಾರ. ಎಷ್ಟು ಕೆಲಸ ಇದೆ ನೋಡಿ. ತಾಯಿ ಕಾರ್ಡು ಅವನ ಕೈಯಲ್ಲಿರಲಿ. ನಾಲ್ಕನೇ ತಿಂಗಳಿಂದ ದಿನಕ್ಕೊಂದು ಕಬ್ಬಿಣದ ಮಾತ್ರೆ, ಕನಿಷ್ಠ 180 ದಿನ. ಅದನ್ನು ಕಾಫಿ, ಟೀ, ಹಾಲಿನ ಜೊತೆ ಕೊಡಬಾರದು. ಕ್ಯಾಲ್ಸಿಯಂ ಮಾತ್ರೆಯ ಜೊತೆಗೂ ಬೇಡ, ಎರಡಕ್ಕೂ ಬೇರೆ ಬೇರೆ ಹೊತ್ತು. ಇದನ್ನು ನೆನಪಿಡುವುದು ಬಸುರಿಗೇ ಯಾಕೆ ಬಿಡಬೇಕು? ಮಾತಾಡಲು ಬರದವನಿಗೆ ಮಾತ್ರೆ, ನೀರಿನ ಲೋಟ ತಂದು ಕೊಡಲು ಬರುತ್ತದೆ ಅಲ್ವಾ.

ಇನ್ನೊಂದು ಮುಖ್ಯ. ಮುಖ, ಕೈ ಊದಿಕೊಂಡರೆ, ತಲೆನೋವಿನ ಜೊತೆ ಕಣ್ಣು ಮಂಜಾದರೆ, ರಕ್ತ ಕಂಡರೆ, ಮಗುವಿನ ಒದೆತ ಕಡಿಮೆಯಾದರೆ ಬೆಳಗಾಗಲಿ ಅಂತ ಕಾಯಬಾರದು. 108ಕ್ಕೆ ಫೋನ್ ಮಾಡಬೇಕು. ಗಂಡನಿಗೆ ಇದು ಬಾಯಿಪಾಠ ಆಗಿರಬೇಕು.

ಹೆರಿಗೆ ಕೋಣೆಗೆ ಗಂಡನನ್ನು ಬಿಡುವ ವಿಷಯ ಯಾರಾದರೂ ಕೇಳುತ್ತೀರಿ ಅಂತ ಮೊದಲೇ ಹೇಳುತ್ತೇನೆ. ಹೆರಿಗೆ ಹೊತ್ತಿನಲ್ಲಿ ಹೆಣ್ಣಿಗೆ ಬೇಕಾದವರೊಬ್ಬರು ಜೊತೆಗಿರಬೇಕು ಅಂತ ವಿಶ್ವ ಆರೋಗ್ಯ ಸಂಸ್ಥೆ 2018ರ ಮಾರ್ಗಸೂಚಿಯಲ್ಲಿ ಹೇಳಿದೆ. ಒಳ್ಳೆಯ ಮಾತು. ಆದರೆ ಮಂಚಗಳು ಒತ್ತೊತ್ತಾಗಿರುವ ಕಡೆ ಒಬ್ಬಳ ಗಂಡ ಬಂದರೆ ಪಕ್ಕದವಳ ಮಾನದ ಪ್ರಶ್ನೆ. ಅದಕ್ಕೇ ಹೆಚ್ಚಿನ ಕಡೆ ಅಮ್ಮ, ಅಕ್ಕ, ಅತ್ತೆಯನ್ನೇ ಬಿಡುತ್ತಾರೆ. ಎಲ್ಲೆಡೆ ಬೇರೆ ಬೇರೆ ಕೋಣೆ ಆದರೆ ಗಂಡನೂ ಬರಲಿ, ನಾನಂತೂ ಬೇಡ ಅನ್ನುವುದಿಲ್ಲ.

ಕ್ಯಾತ್ಸಂದ್ರದ ಹುಡುಗ

ಇಷ್ಟೂ ಓದಿದೆ. ನಾನು ಬರೆಯುವುದು ಕಡಿಮೆ, ಇವತ್ತು ಬರೆಯಲೇಬೇಕು ಅನಿಸಿತು. ವಸಂತನರಸಾಪುರದ ಕೈಗಾರಿಕಾ ಪ್ರದೇಶದಲ್ಲಿ ಕೆಲಸ. ಹೆಂಡತಿಗೆ ಈಗ ಏಳನೇ ತಿಂಗಳು, ಮೊನ್ನೆ ಸೀಮಂತ ಆಯಿತು. ಅಷ್ಟು ಜನರ ನಡುವೆ ಅವಳ ಕೈಗೆ ಬಳೆ ತೊಡಿಸುವಾಗ ನಾನು ಮೂಲೆಯಲ್ಲಿ ಖುರ್ಚಿ ಜೋಡಿಸುತ್ತಿದ್ದೆ. ಜನ ಸೇರಿದರೆ ನನಗೆ ಬಾಯಿ ಕಟ್ಟುತ್ತದೆ. ಅವಳು ಕೊರಟಗೆರೆಗೆ, ತವರಿಗೆ ಹೋಗಿದ್ದಾಳೆ. ಫೋನಿನಲ್ಲಿ ‘ಊಟ ಆಯ್ತಾ’ ಆದ ಮೇಲೆ ಏನು ಮಾತಾಡಬೇಕೋ ತಿಳಿಯುವುದಿಲ್ಲ. ಮಗು ಎತ್ತಿಕೊಂಡರೆ ಬೀಳಿಸುತ್ತೇನೆ ಅನ್ನುವ ಭಯ. ನಮ್ಮ ಕಡೆ ಅಪ್ಪನಿಗೆ ಅಂತ ರಜೆಯೂ ಇಲ್ಲ. ಏನು ಮಾಡಲಿ ಹೇಳಿ.

ತಿಪಟೂರಿನ ಸೊಸೆ

ತಮ್ಮಾ, ನೀನು ಇಲ್ಲಿ ಬರೆದದ್ದನ್ನೇ ಅವಳಿಗೆ ಓದಿ ಹೇಳು. ‘ನನಗೆ ಭಯ ಆಗ್ತಿದೆ’ ಅಂತ ಹೇಳು. ಅವಳಿಗೂ ಆಗುತ್ತಿದೆ. ಒಬ್ಬಳೇ ಭಯಪಡುವುದು ಬಹಳ ಕಷ್ಟ. ಖುರ್ಚಿ ಜೋಡಿಸಿದ್ದು ಯಾಕೆ ಅಂತಲೂ ಹೇಳು. ಫೋನಿನಲ್ಲಿ ಆಗದಿದ್ದರೆ ಬರೆದು ಕಳಿಸು, ಅವಳು ಆ ಮೆಸೇಜನ್ನು ವರ್ಷಗಟ್ಟಲೆ ಇಟ್ಟುಕೊಳ್ಳುತ್ತಾಳೆ.

ಗುಬ್ಬಿ ಮೇಷ್ಟ್ರು

ರಜೆಯ ವಿಷಯ. ಕೇಂದ್ರ ಸರ್ಕಾರಿ ನೌಕರರಿಗೆ ಅಪ್ಪನಾದಾಗ 15 ದಿನದ ರಜೆ ಇದೆ. ತಾಯಂದಿರಿಗೆ 2017ರ ತಿದ್ದುಪಡಿಯ ನಂತರ ಮೊದಲ ಎರಡು ಹೆರಿಗೆಗೆ 26 ವಾರ. ಖಾಸಗಿ ಕೆಲಸದ ಅಪ್ಪಂದಿರಿಗೆ ಅಂತ ಕಾನೂನಿನಲ್ಲಿ ಏನೂ ಇಲ್ಲ, ಕಂಪನಿ ಕೊಟ್ಟರೆ ಉಂಟು. ಇದು ಅನ್ಯಾಯ. ಈಗಲೇ ನಿಮ್ಮ ಮೇಲಿನವರ ಹತ್ತಿರ ಮಾತಾಡಿ, ಉಳಿದ ರಜೆ ಕೂಡಿಟ್ಟುಕೊಳ್ಳಿ. ಹೆರಿಗೆ ದಿನಕ್ಕಿಂತ ಆಮೇಲಿನ ವಾರಗಳಿಗೆ ರಜೆ ಜಾಸ್ತಿ ಬೇಕಾಗುತ್ತದೆ.

ಎರಡು ಮಕ್ಕಳ ಅಪ್ಪ, ಕುಣಿಗಲ್

ಮಗು ಎತ್ತುವುದನ್ನು ನನಗೆ ಕಲಿಸಿದ್ದು ಹೆಂಡತಿಯ ಅಜ್ಜಿ. ಕ್ಯಾತ್ಸಂದ್ರದವರಿಗಾಗಿ ಬರೆಯುತ್ತೇನೆ. ಮೊದಲು ಕುತ್ತಿಗೆ. ಒಂದು ಅಂಗೈ ತಲೆ, ಕುತ್ತಿಗೆಯ ಕೆಳಗೆ, ಇನ್ನೊಂದು ತಿಕದ ಕೆಳಗೆ. ಎದೆಗೆ ಒತ್ತಿಕೊಂಡ ಮೇಲೆ ಏಳಬೇಕು. ಅಜ್ಜಿ ನನ್ನನ್ನು ಚಾಪೆಯ ಮೇಲೆ ಕೂರಿಸಿ, ಸುತ್ತ ದಿಂಬು ಇಟ್ಟು, ‘ಈಗ ಬಿದ್ದರೂ ದಿಂಬಿನ ಮೇಲೇ ಬೀಳೋದು, ಹೆದರಬೇಡ ಕಣಪ್ಪ’ ಅಂದರು. ನನ್ನ ಕೈ ನಡುಗುತ್ತಿತ್ತು. ಮಗು ಮಾತ್ರ ನಿದ್ದೆ ಮಾಡಿತು.

ಹಾಲು ಕುಡಿದ ಮೇಲೆ ಭುಜಕ್ಕೆ ಹಾಕಿಕೊಂಡು ಬೆನ್ನು ಮೆಲ್ಲಗೆ ತಟ್ಟಿ ತೇಗು ಬರಿಸುವುದು ಅಪ್ಪನ ಕೆಲಸ ಅಂತ ನಮ್ಮ ಮನೆಯಲ್ಲಿ ತೀರ್ಮಾನವಾಯಿತು. ರಾತ್ರಿ ಎರಡು ಗಂಟೆಗೆ ಹೆಂಡತಿ ಹಾಲು ಕೊಟ್ಟು ಮಲಗಿದರೆ ಮುಂದಿನದು ನನ್ನದು. ಅಲ್ಲಿ ಮಾತು ಬರಬೇಕು ಅಂತ ಇಲ್ಲ, ಮಗುವಿಗೆ ಭುಜ ಸಾಕು. ಹುಟ್ಟಿದ ಮಗುವಿಗೆ ಒಂದು ಅಡಿ ದೂರದವರೆಗೆ ಮಾತ್ರ ಸ್ವಲ್ಪ ಸ್ಪಷ್ಟವಾಗಿ ಕಾಣುವುದು, ಹಾಗಾಗಿ ಮುಖ ಹತ್ತಿರ ತನ್ನಿ. ಮಗು ಕಡಿಮೆ ತೂಕದ್ದಾದರೆ ಬರೀ ಎದೆಗೆ ಅವಚಿಕೊಳ್ಳುವ ಕಾಂಗರೂ ಆರೈಕೆಯನ್ನು ಅಪ್ಪನೂ ಮಾಡಬಹುದು, ಆಸ್ಪತ್ರೆಯಲ್ಲಿ ಕೇಳಿದರೆ ತೋರಿಸಿಕೊಡುತ್ತಾರೆ.

ಚಿಕ್ಕನಾಯಕನಹಳ್ಳಿ ಅಕ್ಕ

ಒಂದು ವಿಷಯ ಯಾರೂ ಎತ್ತಲಿಲ್ಲ. ಡಾನ್‌ಗೆ ಆಟಿಸಂ ಇದೆ ಅಂತ ಓದಿದವರೆಲ್ಲ ಹೇಳುತ್ತಾರೆ. ಆದರೆ ಈ ಪುಸ್ತಕ ಅವನಿಗೆ ಆ ಹಣೆಪಟ್ಟಿ ಅಂಟಿಸುವುದಿಲ್ಲ. 2019ರಲ್ಲಿ ಬಂದ ಮೂರನೆಯ ಪುಸ್ತಕ ‘ದಿ ರೋಸಿ ರಿಸಲ್ಟ್’ನಲ್ಲಿ ಅವರ ಮಗನಿಗೆ ಶಾಲೆಯಲ್ಲಿ ತೊಂದರೆಯಾದಾಗ ಆ ಪ್ರಶ್ನೆ ನೇರವಾಗಿ ಬರುತ್ತದೆ. ನನಗೆ ಮೂರರಲ್ಲಿ ಅದೇ ಹೆಚ್ಚು ಇಷ್ಟ.

ನನ್ನ ಅಣ್ಣ ಹೀಗೇ. ಸಣ್ಣವನಿದ್ದಾಗಿಂದ ಅವನನ್ನು ಊರವರು ಅನುಕರಣೆ ಮಾಡಿ ನಕ್ಕಿದ್ದನ್ನು ನೋಡಿ ಬೆಳೆದವಳು ನಾನು. ಹಾಗಾಗಿ ಇಂಥ ಹಾಸ್ಯ ಕಾದಂಬರಿ ಅಂದರೆ ಹೆದರಿಕೊಂಡೇ ಓದುತ್ತೇನೆ. ಬಸುರಿಯ ಆಹಾರದ ಭಾಗ ಓದುವಾಗ ನನಗೆ ನಗು ಬಂತು, ನೋವಾಗಲಿಲ್ಲ. ಡಾನ್ ತನ್ನ ಕಥೆಯನ್ನು ತಾನೇ ಹೇಳುತ್ತಾನಲ್ಲ, ಅದಕ್ಕೆ. ಕೆಲವು ಕಡೆ ಮಾತ್ರ ಲೇಖಕರು ಅವನನ್ನು ಬೇಕಂತಲೇ ಗುಂಡಿಗೆ ತಳ್ಳುತ್ತಾರೆ ಅನಿಸಿತು. ಇಷ್ಟು ಬುದ್ಧಿ ಇರುವವನು ಹೆಂಡತಿಗೆ ಒಂದು ಮಾತು ಹೇಳದೆ ಇಷ್ಟು ದೂರ ಹೋಗುತ್ತಾನಾ? ಅಣ್ಣನಿಗಂತೂ ಮುಚ್ಚಿಡಲು ಬರುವುದೇ ಇಲ್ಲ.

ಅವನಿಗೆ ಈಗ ಮಗ ಇದ್ದಾನೆ. ಮುದ್ದು ಮಾತು ಆಡುವುದಿಲ್ಲ. ಆದರೆ ಮಗ ಕೇಳಿದ ಪ್ರಶ್ನೆಗೆ ‘ಸುಮ್ನಿರು’ ಅಂತ ಒಮ್ಮೆಯೂ ಹೇಳಿದ್ದು ನಾನು ಕೇಳಿಲ್ಲ. ಅಮಾನಿಕೆರೆ ಪಾರ್ಕಿನಲ್ಲಿ ಇಬ್ಬರೂ ಇರುವೆ ಸಾಲಿನ ಮುಂದೆ ಕುಕ್ಕರಗಾಲಿನಲ್ಲಿ ಕೂತರೆ ಕತ್ತಲಾಗುವವರೆಗೆ ಏಳುವುದಿಲ್ಲ.

ತುಮಕೂರು ರೈಲು ಓದುಗ

ಅಕ್ಕ, ನಿಮ್ಮ ಆಕ್ಷೇಪ ಸರಿ ಇದೆ. ಮಧ್ಯದ ಭಾಗದಲ್ಲಿ ಒಂದು ಸುಳ್ಳು ಮುಚ್ಚಲು ಇನ್ನೊಂದು ಅಂತ ಬೆಳೆಯುವಾಗ ಕಥೆ ಎಳೆದಂತೆ ನನಗೂ ಅನಿಸಿತು. ರೋಸಿಯ ಬಗ್ಗೆ ತಿಪಟೂರಿನವರು ಹೇಳಿದ್ದನ್ನೂ ಒಪ್ಪುತ್ತೇನೆ. ಆದರೂ ಬಚ್ಚಲುಮನೆಯ ಟೈಲ್ಸ್ ಚಿತ್ರಗಳಿಗಾಗಿ ನಾನು ಈ ಪುಸ್ತಕವನ್ನು ಬಿಟ್ಟುಕೊಡುವುದಿಲ್ಲ. ಆ ಕೊಂಡಿಗೆ ಜೋತುಬಿದ್ದವರ ಕಥೆ ಬರೆಯುವವರು ನಮ್ಮಲ್ಲಿ ಯಾರಾದರೂ ಬರಲಿ.

ಕ್ಯಾತ್ಸಂದ್ರದವರೇ, ಪುಸ್ತಕ ಬೇಕಾದರೆ ಹೇಳಿ. ಸಂಜೆ ರೈಲು ನಿಮ್ಮ ಸ್ಟೇಷನ್‌ನಲ್ಲಿ ನಿಂತಾಗ ಕೊಡುತ್ತೇನೆ.

ಕ್ಯಾತ್ಸಂದ್ರದ ಹುಡುಗ

ಬೇಕು ಅಣ್ಣ. ಮೇಲೆ ಬರೆದಿದ್ದನ್ನು ರಾತ್ರಿ ಅವಳಿಗೆ ಕಳಿಸಿದೆ. ಅವಳು ಫೋನ್ ಮಾಡಿದಳು, ತುಂಬಾ ಹೊತ್ತು ಮಾತಾಡಿದೆವು. ಮಾತ್ರೆಯ ವಿಷಯ ಕೇಳಿದೆ, ಎರಡನ್ನೂ ಒಟ್ಟಿಗೆ ನುಂಗುತ್ತಿದ್ದಳಂತೆ. ಇನ್ನು ಕಬ್ಬಿಣದ ಮಾತ್ರೆಯ ಹೊತ್ತಿಗೆ ನಾನೇ ಫೋನ್ ಮಾಡುತ್ತೇನೆ ಅಂತ ಹೇಳಿದ್ದೇನೆ. ಶನಿವಾರ ರಾತ್ರಿಯೇ ಕೊರಟಗೆರೆಗೆ ಹೋಗುತ್ತೇನೆ. ಆಶಾ ಅಕ್ಕ, ಮಗು ಹುಟ್ಟಿದ ಮೇಲೆ ಲಸಿಕೆ ಯಾವಾಗ ಯಾವಾಗ ಅಂತ ಹೇಳುತ್ತೀರಾ? ಅದನ್ನು ನಾನೇ ನೋಡಿಕೊಳ್ಳುತ್ತೇನೆ.

ಸಿರಾ ಕಡೆಯ ಆಶಾ ಕಾರ್ಯಕರ್ತೆ

ಹುಟ್ಟಿದ ಕೂಡಲೇ ಆಸ್ಪತ್ರೆಯಲ್ಲೇ ಬಿಸಿಜಿ, ಪೋಲಿಯೋ ಹನಿ, ಹೆಪಟೈಟಿಸ್ ಬಿ. ಆಮೇಲೆ 6, 10, 14 ವಾರಕ್ಕೆ. ಮತ್ತೆ 9 ತಿಂಗಳಿಗೆ ದಡಾರದ್ದು. ಆರನೇ ವಾರದ ಚುಚ್ಚುಮದ್ದಿಗೆ ಸ್ವಲ್ಪ ಜ್ವರ ಬರಬಹುದು, ಹೆದರಬೇಡಿ, ಅಲ್ಲೇ ಔಷಧ ಹೇಳುತ್ತಾರೆ. ಚುಚ್ಚಿದ ಜಾಗ ಉಜ್ಜಬೇಡಿ. ಅರ್ಧ ಗಂಟೆ ಅಲ್ಲೇ ಕೂತಿದ್ದು ಹೊರಡಿ. ತಾಯಿ ಕಾರ್ಡು ಮರೆಯಬೇಡಿ. ಮತ್ತೆ ಅವತ್ತು ಮರದ ಕೆಳಗೆ ನಿಲ್ಲಬೇಡಿ ತಮ್ಮಾ, ಮಗುವನ್ನು ನೀವೇ ಎತ್ತಿಕೊಂಡು ಒಳಗೆ ಬನ್ನಿ.